ವೀಳ್ಯದೆಲೆ ಒಣಗುವುದರೊಳಗೆ

ನನ್ನ ಮೇಜಿನ ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ ಮೊನ್ನೆಯಿಂದ ಹಾಗೇ ಬಿದ್ದಿವೆ. ಕುಡುಮಲಕುಂಟೆಯ ನಮ್ಮ ಫ್ಯಾಕ್ಟರಿಯಲ್ಲಿ ಮೇಜು ಒರೆಸಲು ಬರುವಾಕೆ ಎತ್ತಿ ಬಿಸಾಡಲು ಹೋದಳು, ಬೇಡ ಎಂದೆ. ಪಕ್ಕದಲ್ಲೇ ಒಂದು ಬೇರಿಂಗ್ ಇಟ್ಟಿದ್ದೆ, ಅದರ ಗ್ರೀಸು ಎಲೆಗೂ ಹತ್ತಿದೆ. ಇವತ್ತು ಬೆಳಿಗ್ಗೆ ಎತ್ತಿ ಮೂಸಿ ನೋಡಿದೆ. ಎಲೆಯ ಖಾರದ ಜೊತೆ ಗ್ರೀಸಿನ ವಾಸನೆ... ಈ ಎರಡೂ ಕೂಡಿದ ವಾಸನೆಯನ್ನು ನಾನು ಮೂಸಿದ್ದು ಒಂದೇ ಕಡೆ. ಶಿಡ್ಲಘಟ್ಟದಲ್ಲಿ, ಚಿಂತಾಮಣಿ ರಸ್ತೆಯ ಪಕ್ಕದ ಒಂದು ವರ್ಕ್‌ಶಾಪಿನಲ್ಲಿ. ಅಲ್ಲಿಯ ಯಜಮಾನರು ನೆನಪಾದರು. ನೆನಪಾದ ಕೂಡಲೇ, ಎಂದಿನಂತೆ, ಸಿಟ್ಟೂ ಬಂತು.

ತೀರಿಕೊಂಡವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಹೇಳುವವರು ಅವರ ಕೈಕೆಳಗೆ ಕೆಲಸ ಮಾಡಿದವರಲ್ಲ.

ರೇಷ್ಮೆ ಸಾಕುವ ಮನೆಗಳಿಗೆ ಬೇಕಾದ ಸಣ್ಣಪುಟ್ಟ ಸಾಮಾನು ಮಾಡುವ ವರ್ಕ್‌ಶಾಪು ಅದು. ಹುಳದ ತಟ್ಟೆ ಇಡುವ ಸ್ಟ್ಯಾಂಡು, ಔಷಧಿ ಹೊಡೆಯುವ ಪಂಪಿನ ರಿಪೇರಿ, ಗೂಡಿನ ಮೇಲಿನ ಜಾಳು ನೂಲು ತೆಗೆಯುವ ಮಿಷನ್ನು. ಸುತ್ತಲೂ ನೂಲು ಬಿಚ್ಚುವ ಮನೆಗಳಿದ್ದವು. ಬೇಯಿಸಿದ ಗೂಡಿನ ವಾಸನೆ ಮೂಗಿಗೆ ಮಾತ್ರವಲ್ಲ, ತಲೆಗೂದಲಿಗೂ ಹತ್ತುತ್ತಿತ್ತು. ನಾನು ಚಿಂತಾಮಣಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಕೇಳಿಕೊಂಡು ಅಲೆಯುತ್ತಿದ್ದ ಕಾಲ. ಹೋದ ಕಡೆಯೆಲ್ಲ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಹುಡುಗಿಗೆ ವರ್ಕ್‌ಶಾಪಿನಲ್ಲಿ ಏನು ಕೆಲಸ, ಆಫೀಸಿನಲ್ಲಿ ಬಿಲ್ಲು ಬರೆಯುತ್ತೀಯಾ ಎಂದು ಕೇಳಿದ್ದರು.

ಯಜಮಾನರು ನನ್ನ ಅಂಕಪಟ್ಟಿಯನ್ನು ನೋಡಲೇ ಇಲ್ಲ. ಮುರಿದ ಒಂದು ಬ್ಲೇಡನ್ನು ತಂದು ನನ್ನ ಮುಂದೆ ಇಟ್ಟರು.

"ಇದು ಮೂರ್ ದಿನಕ್ಕೇ ಮುರ್ದೋಯ್ತು. ಯಾಕೆ ಅಂತ ಇವ್ರೆಲ್ಲ ಒಂದೊಂದ್ ಹೇಳ್ತಾವ್ರೆ. ನೀನೇನಂತೀಯಮ್ಮ?"

ನೀನೇನಂತೀಯ. ನಮ್ಮ ಮನೆಯಲ್ಲಿ ನಾನು ಏನು ಓದಬೇಕು ಎಂದು ತೀರ್ಮಾನಿಸಿದ್ದು ದೊಡ್ಡಪ್ಪ, ಎಲ್ಲಿಯವರೆಗೆ ಓದಬೇಕು ಎಂದು ತೀರ್ಮಾನಿಸಿದ್ದು ಅಜ್ಜಿ. ಆ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಬ್ಲೇಡಿನ ಬಗ್ಗೆ ಏನೋ ಹೇಳಿದೆ, ಸರಿಯೋ ತಪ್ಪೋ ಈಗ ನೆನಪಿಲ್ಲ. ಅವರು ತಲೆ ಆಡಿಸಿದರು. ಮಾರನೇ ದಿನದಿಂದ ಬಾ ಎಂದರು. ಆ ಒಂದು ಪ್ರಶ್ನೆಗೆ ನಾನು ಎಷ್ಟು ಸೋತೆನೆಂದರೆ, ಅದೇ ಪ್ರಶ್ನೆಯನ್ನು ಅವರು ರಸ್ತೆಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಾರೆ ಎಂದು ತಿಳಿಯಲು ಬಹಳ ದಿನ ಹಿಡಿಯಿತು.

ಅಲ್ಲಿ ಒಂದು ಪದ್ಧತಿ ಇತ್ತು. ಮಿಷನ್ನಿನಲ್ಲಿ ಇಂಥದ್ದೊಂದು ಇರಲಿ, ಅದನ್ನೊಂದು ಬದಲಾಯಿಸಿ ಎಂದು ಹೇಳಲು ಬರುವವರು ಬರಿಗೈಲಿ ಬರುತ್ತಿರಲಿಲ್ಲ. ಮದುವೆ ಮಾತು ಗಟ್ಟಿಮಾಡುವಾಗ ತಾಂಬೂಲ ಬದಲಾಯಿಸಿಕೊಳ್ಳುವ ಹಾಗೆ, ಎಲೆ ಅಡಿಕೆ ತಂದು ಯಜಮಾನರ ಕೈಗಿಡುತ್ತಿದ್ದರು. ಅವರ ತಂದೆಯ ಕಾಲದಿಂದ ಬಂದದ್ದಂತೆ. ಯಜಮಾನರು ಅದನ್ನು ಕಣ್ಣಿಗೊತ್ತಿಕೊಂಡು ಲೇತ್ ಮಿಷನ್ನಿನ ಮೇಲೆ, ದೇವರ ಪಟದ ಮುಂದೆ ಇಡುತ್ತಿದ್ದರು. ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ಮಾರನೇ ದಿನ ಆ ಎಲೆ ಗ್ರೀಸು ಮೆತ್ತಿಕೊಂಡು ನನ್ನ ಡ್ರಾಯಿಂಗ್ ಮೇಜಿಗೆ ಬರುತ್ತಿತ್ತು. ಎಲೆ ಒಣಗುವುದರೊಳಗೆ ಆ ಬದಲಾವಣೆ ನಕ್ಷೆಯಲ್ಲಿ ಕೂತಿರಬೇಕು ಎನ್ನುವುದು ಅವರ ಲೆಕ್ಕ. ಈಗ ನಮ್ಮ ಫ್ಯಾಕ್ಟರಿಯಲ್ಲಿ ಮುಂದಿನ ವರ್ಷ ಯಾವ ಮಿಷನ್ನು, ಅದರಲ್ಲಿ ಏನೇನು ಎಂದು ತೀರ್ಮಾನಿಸುವುದಕ್ಕೆ ರೋಡ್‌ಮ್ಯಾಪ್ ಅನ್ನುತ್ತಾರೆ, ಗೋಡೆಯ ಮೇಲೆ ಬಣ್ಣಬಣ್ಣದ ಪಟ್ಟಿ ತೋರಿಸುತ್ತಾರೆ. ಯಜಮಾನರ ರೋಡ್‌ಮ್ಯಾಪು ಬಾಡುವ ಎಲೆಗಳ ಸಾಲು.

ಪದ್ಧತಿಯಲ್ಲಿ ತಪ್ಪೇನಿರಲಿಲ್ಲ. ತಪ್ಪಿದ್ದದ್ದು ಇಷ್ಟೇ: ತಾಂಬೂಲವನ್ನು ವಾಪಸು ಮಾಡುವುದು ಅಶುಭ ಎಂದು ಅವರು ನಂಬಿದ್ದರು. ಹಾಗಾಗಿ ಅವರು ಯಾರಿಗೂ ಯಾವತ್ತೂ ಆಗಲ್ಲ ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ. ಬಂದವರ ಮುಂದೆಲ್ಲ ಕೋಲೆಬಸವನ ಹಾಗೆ ತಲೆ ಆಡಿಸುವುದು, ಅವರು ಹೋದ ಮೇಲೆ ನನ್ನ ಕಡೆ ತಿರುಗಿ ನಗುವುದು.

ಜಂಗಮಕೋಟೆಯಿಂದ ಒಬ್ಬ ಅಕ್ಕ ಬಂದರು. ಚಾಕಿ ಕೇಂದ್ರ ಶುರು ಮಾಡುತ್ತಿದ್ದರು. ಮೊಟ್ಟೆಯೊಡೆದು ಬಂದ ಹುಳ ಇರುವೆಗಿಂತ ಸಣ್ಣದು. ಅದನ್ನು ಜೋಪಾನವಾಗಿ ಸಾಕಿ, ಎರಡು ಸಲ ಪೊರೆ ಕಳಚಿದ ಮೇಲೆ, ನಮ್ಮ ಕಡೆ ಎರಡನೇ ಜ್ವರ ಎದ್ದ ಮೇಲೆ ಎನ್ನುತ್ತಾರೆ, ರೈತರಿಗೆ ಕೊಡುವ ಕೆಲಸ. ಆ ವಯಸ್ಸಿನಲ್ಲಿ ಹುಳ ಸೊರಗಿದರೆ ಆಮೇಲೆ ಏನು ಮಾಡಿದರೂ ಗೂಡು ಗಟ್ಟಿಯಾಗುವುದಿಲ್ಲ. ಹೊಸಬರ ಹತ್ತಿರ ಚಾಕಿ ಹುಳ ತೆಗೆದುಕೊಳ್ಳಲು ಯಾರಿಗೂ ಧೈರ್ಯ ಬರುವುದಿಲ್ಲ. ಈ ಅಕ್ಕ ಊರಿನ ಮನೆಮನೆಗೂ ಹೋಗಿ ಕೇಳಿಕೊಂಡಿದ್ದರು. ಕೆಲವರು ಒಪ್ಪಿದ್ದರು, ಇದೊಂದು ಬೆಳೆಗೆ ನೋಡ್ತೀವಿ, ಚೆನ್ನಾಗಿ ಬಂದರೆ ಮುಂದೆ ಎಂದಿದ್ದರು. ಅಕ್ಕನ ಪಾಲಿಗೆ ಇದ್ದದ್ದು ಆ ಒಂದೇ ಬೆಳೆ.

ಅವರು ಕೇಳಿದ್ದೂ ಒಂದೇ. ಮರಿಹುಳಕ್ಕೆ ಎಳೆ ಸೊಪ್ಪನ್ನು ಸಣ್ಣಗೆ, ಒಂದೇ ಅಳತೆಗೆ, ಜಜ್ಜದೆ ಕತ್ತರಿಸುವ ಪುಟ್ಟ ಮಿಷನ್ನು. ಸೊಪ್ಪಿನ ಕೋಣೆಯಲ್ಲಿ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಬೇಕು, ಬೇರೇನೂ ಬೇಡ. ಎಲೆ ಅಡಿಕೆ ಕೊಟ್ಟು ಹೋದರು. ಆ ಎಲೆ ಹಸಿರಾಗಿರುವಾಗಲೇ ನಾನು ನಕ್ಷೆ ಮುಗಿಸಿದೆ. ಅದು ನನ್ನ ಮೊದಲ ಸ್ವಂತ ನಕ್ಷೆ. ಹಾಲಿನ ಕ್ಯಾನು ಇಡುವಷ್ಟು ಜಾಗದಲ್ಲಿ ಕೂರುವ ಮಿಷನ್ನು. ಎಷ್ಟು ಚೆನ್ನಾಗಿತ್ತು ಅಂದರೆ... ನಾನೇ ಹೇಳಿಕೊಳ್ಳಬೇಕು, ಇನ್ಯಾರು ಹೇಳುತ್ತಾರೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಯಜಮಾನರು ಪದ್ಧತಿಯಂತೆ ಅಮಾವಾಸ್ಯೆಯ ಪೂಜೆಗೆ ಎಲ್ಲರನ್ನೂ ಕರೆದು, ಇಂಥ ಮಿಷನ್ನು ಮಾಡುತ್ತಿದ್ದೇವೆ, ನೀವೇನಂತೀರಿ ಎಂದು ಕೇಳಿದರು. ಕೇಳಿದ ಮೇಲೆ ಜನ ಸುಮ್ಮನಿರುತ್ತಾರೆಯೇ. ಪೆರೇಸಂದ್ರದಲ್ಲಿ ಹೈವೇ ಪಕ್ಕ ಅಂಗಡಿ ಇಟ್ಟಿದ್ದ ಡೀಲರು, ಚಕ್ರ ಇಲ್ಲದಿದ್ದರೆ ಯಾರು ಕೊಳ್ಳುತ್ತಾರೆ, ಮನೆಯಿಂದ ಮನೆಗೆ ತಳ್ಳಿಕೊಂಡು ಹೋಗುವಂತಿರಬೇಕು ಎಂದರು. ಕರೆಂಟು ಹೋದರೆ ಏನು ಗತಿ, ಕೈಯಲ್ಲಿ ತಿರುಗಿಸಲು ಹ್ಯಾಂಡಲ್ ಇರಲಿ ಎಂದರು ಇನ್ನೊಬ್ಬರು. ಹಾಲಿನ ಡೇರಿಯ ಕಡೆಯವರು ನಾಲ್ಕು ಜನ ಒಟ್ಟಿಗೇ ಎಲೆ ಅಡಿಕೆಯ ತಟ್ಟೆ ಹಿಡಿದು ಬಂದರು. ರೇಷ್ಮೆ ಮನೆಯಲ್ಲೆಲ್ಲ ಹಸುವೂ ಇದೆ, ಬೆಳಿಗ್ಗೆ ಸೊಪ್ಪು ಕತ್ತರಿಸಿದ ಮಿಷನ್ನು ಸಾಯಂಕಾಲ ಮೇವು ಕತ್ತರಿಸಿದರೆ ಏನು ಮುಕ್ಕಾಗುತ್ತದೆ ಎಂದು ಅವರ ವಾದ. ಎಲ್ಲರ ಎಲೆಗಳೂ ಲೇತಿನ ಮೇಲೆ ಕೂತವು. ಮೇವಿಗಾಗಿ ಮೋಟಾರು ದೊಡ್ಡದಾಯಿತು, ಮೋಟಾರಿಗಾಗಿ ಫ್ರೇಮು ದೊಡ್ಡದಾಯಿತು, ಫ್ರೇಮಿಗಾಗಿ ಚಕ್ರ ನಾಲ್ಕಾದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಇನ್ನೊಂದು ಅಮಾವಾಸ್ಯೆ ಕಳೆದಿದ್ದರೆ ರಾಗಿ ಬೀಸುವ ಕಲ್ಲೂ ಅದರಲ್ಲಿ ಬಂದು ಕೂರುತ್ತಿತ್ತು.

ನಾನು ಸುಮ್ಮನಿರಲಿಲ್ಲ. ಮೇವಿನ ಮಾತು ಬಂದ ದಿನವೇ ಜಗಳ ಆಡಿದೆ. ಮುಸುಕಿನ ಜೋಳಕ್ಕೆ ಹುಳ ಬಿದ್ದರೆ ರೈತರು ಔಷಧಿ ಹೊಡೆಯುತ್ತಾರೆ. ಆ ಜೋಳದ ಕಡ್ಡಿ ಕತ್ತರಿಸಿದ ಮಿಷನ್ನಿನಲ್ಲಿ ಮರಿಹುಳದ ಸೊಪ್ಪು ಕತ್ತರಿಸಬಹುದೇ? ರೇಷ್ಮೆ ಸಾಕುವ ಮನೆಯ ಹತ್ತಿರ ಔಷಧಿಯ ಗಾಳಿಯೂ ಸುಳಿಯಬಾರದೆಂದು ಈ ತಾಲ್ಲೂಕಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಎರಡು ಮಿಷನ್ನು ಮಾಡೋಣ, ಮೊದಲು ಅಕ್ಕನದು, ಆಮೇಲೆ ಮೇವಿನದು ಎಂದೆ. ಒಂದೇ ಮನೆಯಲ್ಲಿ ಎರಡು ಮಿಷನ್ನು ಎಲ್ಲಿ ಇಡುತ್ತಾರಮ್ಮ, ಹಸುವೂ ಅವರದೇ ಹುಳವೂ ಅವರದೇ ಎಂದರು ಯಜಮಾನರು. ಒಂದು ಯೋಚನೆಯನ್ನೂ ಮಾಡಿದರು: ಸೊಪ್ಪಿಗೆ ಹಸಿರು ಬಣ್ಣದ ಬ್ಲೇಡು, ಮೇವಿಗೆ ಕೆಂಪು ಬಣ್ಣದ್ದು, ಬೇಕಾದಾಗ ಬಿಚ್ಚಿ ಹಾಕಿಕೊಳ್ಳುವುದು. ಬ್ಲೇಡು ಬೇರೆಯಾದರೂ ಕತ್ತರಿಸಿದ್ದು ಬೀಳುವ ಡಬ್ಬ ಒಂದೇ ಅಲ್ಲವೇ ಎಂದು ನಾನು ಮೇಜು ಕುಟ್ಟಿದೆ. ತೊಳ್ಕೊತಾರೆ ಬಿಡು ಎಂದರು.

"ಅಕ್ಕ ಮೊದ್ಲು ಎಲೆ ಕೊಟ್ಟವ್ರು, ಯಜಮಾನ್ರೇ. ಅವ್ರು ಕೇಳಿದ್ದನ್ನ ಮೊದ್ಲು ಕೊಡಣ."

"ಪರ್ವಾಲೇದಮ್ಮ. ಅವ್ರು ಕೇಳಿದ್ದೂ ಇದ್ರಾಗೆ ಐತಲ್ಲ."

ಇದ್ದದ್ದು ನಿಜ. ಸೊಪ್ಪು ಸಣ್ಣಗೇ ಕತ್ತರಿಸುತ್ತಿತ್ತು. ನನಗೆ ಕೋಪ ಮಾತ್ರ ಉಳಿಯಿತು.

ಮೊಟ್ಟೆ ಒಡೆಯುವ ದಿನ ಯಾರಿಗೂ ಕಾಯುವುದಿಲ್ಲ. ಇನ್ನೇನು ಆ ದಿನ ಬಂತು ಅನ್ನುವಾಗ ಟೆಂಪೋದಲ್ಲಿ ಹೇರಿಕೊಂಡು ಹೋಗಿ ಇಳಿಸಿದೆವು. ಅಕ್ಕ ಮಿಷನ್ನಿಗೆ ಒಂದು ಸುತ್ತು ಬಂದು, ಇಷ್ಟು ದೊಡ್ಡದಾ ಎಂದರು. ಎಲ್ಲರಿಗೂ ಆಗಲಿ ಅಂತ ಕಣಮ್ಮ ಎಂದರು ಯಜಮಾನರು. ಸೊಪ್ಪಿನ ಕೋಣೆಯ ಬಾಗಿಲಲ್ಲಿ ಅದನ್ನು ಅಡ್ಡವಾಗಿ ತೂರಿಸಿದರೆ ಮಾತ್ರ ಹೋಗುತ್ತಿತ್ತು. ಆದರೂ ಕೆಲಸ ಚೆನ್ನಾಗಿ ನಡೆಯಿತು. ಮೊದಲ ಜ್ವರ ಸಲೀಸಾಗಿ ಕಳೆಯಿತು. ಹುಳ ಒಂದೇ ಸಮ ಎದ್ದವು. ಅಕ್ಕ ಫೋನ್ ಮಾಡಿ ತಿಳಿಸಿದಾಗ ಯಜಮಾನರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ನೋಡದವಳ ಹಾಗೆ ಕೂತೆ.

ಎರಡನೇ ಜ್ವರಕ್ಕೆ ಇನ್ನೂ ಕೊಂಚ ದಿನ ಇತ್ತು. ಒಂದು ಮಧ್ಯಾಹ್ನ ಅಕ್ಕ ರೈತರ ಮನೆಗಳಿಗೆ ಹೋದರು, ಹುಳ ಬರುತ್ತಿವೆ, ಮನೆ ತೊಳೆದು ಸುಣ್ಣ ಹೊಡೆದು ಸಿದ್ಧ ಮಾಡಿಕೊಳ್ಳಿ ಎಂದು ಹೇಳಲು. ಅವರ ಮೈದುನನ ಮನೆ ಪಕ್ಕದ್ದೇ. ಅವನ ಹಸು ಆಗತಾನೆ ಕರು ಹಾಕಿತ್ತು. ಮಿಷನ್ನಿಗೆ ಚಕ್ರ ಇತ್ತು, ತಳ್ಳಿಕೊಂಡು ಹೋದ. ಮೇವು ಕತ್ತರಿಸಬಹುದೆಂದು ಎಲ್ಲರಿಗೂ ಗೊತ್ತಿತ್ತು, ಜೋಳದ ಕಡ್ಡಿ ಕತ್ತರಿಸಿದ. ಒಳ್ಳೆಯ ಹುಡುಗ ಅವನು, ಹೇಳಿಕೊಟ್ಟಂತೆ ಕೆಂಪು ಬ್ಲೇಡನ್ನೇ ಹಾಕಿದ. ಮುಗಿದ ಮೇಲೆ ಮರೆಯದೆ ಹಸಿರು ಬ್ಲೇಡು ಹಾಕಿ, ಡಬ್ಬಕ್ಕೆ ಎರಡು ಚೊಂಬು ನೀರು ಸುರಿದು ತೊಳೆದು, ಇದ್ದ ಜಾಗಕ್ಕೆ ತಂದು ನಿಲ್ಲಿಸಿದ. ಅತ್ತಿಗೆಗೆ ಹೇಳಬೇಕಾದ ವಿಷಯ ಎಂದು ಅವನಿಗೆ ಅನ್ನಿಸಲಿಲ್ಲ. ಮನೆಯ ಮಿಷನ್ನು ಮನೆಯವರು ಬಳಸಿದ್ದು, ಅದರಲ್ಲಿ ಹೇಳುವುದೇನು?

ಮಾರನೇ ಬೆಳಿಗ್ಗೆ ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಹುಳಗಳು ತಲೆ ಎತ್ತಿ ಆಡಿಸತೊಡಗಿದವಂತೆ. ಬಾಯಲ್ಲಿ ಹಸಿರು ನೀರು. ಫೋನ್ ಬಂದು ನಾವು ಹೋಗುವಷ್ಟರಲ್ಲಿ ತಟ್ಟೆತಟ್ಟೆಯೂ ಮುಗಿದಿತ್ತು. ಚಾಕಿ ಮನೆಯಲ್ಲಿ ಹುಳ ಸೊಪ್ಪು ತಿನ್ನುವ ಸಣ್ಣ ಸದ್ದು ಇರುತ್ತದೆ, ಕಿವಿಗೊಟ್ಟರೆ ಮಾತ್ರ ಕೇಳುವಂಥದ್ದು. ಆ ಸದ್ದು ಇರಲಿಲ್ಲ... ಮೈದುನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದ. ಅಕ್ಕ ಅಳಲಿಲ್ಲ. ಕೈಯಲ್ಲಿ ಒಂದು ತಟ್ಟೆ ಹಿಡಿದು ನಿಂತಿದ್ದರು.

"ನಾನ್ ಕೇಳಿದ್ದು ಸೊಪ್ಪು ಕತ್ತರ್ಸೋದು ಒಂದೇ ಅಲ್ವಾ ಯಜಮಾನ್ರೇ," ಎಂದರು.

ಯಜಮಾನರು ತಲೆ ಆಡಿಸದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿದರು, ಅದನ್ನು ಇಲ್ಲವೆನ್ನಲಾರೆ. ಮನೆ ಸಿದ್ಧಮಾಡಿಕೊಂಡಿದ್ದ ರೈತರ ಮನೆಗಳಿಗೆ ತಾವೇ ಹೋಗಿ ತಪ್ಪು ನಮ್ಮ ಮಿಷನ್ನಿನದು ಎಂದು ಹೇಳಿದರು. ಬೇರೆ ಕೇಂದ್ರದಿಂದ ಹುಳ ಕೊಡಿಸಿದರು. ರೈತರ ಬೆಳೆ ಉಳಿಯಿತು. ಆದರೆ ಅವರು ಆ ಬೇರೆ ಕೇಂದ್ರದವರಿಗೇ ಅಂಟಿಕೊಂಡರು. ಅಕ್ಕನ ಕೇಂದ್ರದ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆಯಲು ಕೆಲವು ವರ್ಷ ಬೇಕಾಯಿತು, ಅದೂ ಅರ್ಧ ಅಳತೆಯಲ್ಲಿ.

ಇಷ್ಟಾದರೂ ನಾನು ಅಲ್ಲೇ ಇರುತ್ತಿದ್ದೆನೇನೋ. ನನ್ನ ತಾಳ್ಮೆ ಕೆಟ್ಟದ್ದು ಹುಳ ಸತ್ತ ಆ ದಿನ ವಾಪಸು ಬರುವಾಗ ಟೆಂಪೋದಲ್ಲಿ. ಇನ್ನು ಮೇಲಾದರೂ ಯಜಮಾನರು ಒಬ್ಬರ ಮಿಷನ್ನನ್ನು ಒಬ್ಬರಿಗೆ ಎಂದು ಮಾಡುತ್ತಾರೆ, ಯಾರಿಗಾದರೂ ಆಗಲ್ಲ ಎನ್ನುತ್ತಾರೆ ಎಂದು ನಾನು ಮನಸ್ಸಿನಲ್ಲೇ ಕಾಯುತ್ತಿದ್ದೆ. ಶಿಡ್ಲಘಟ್ಟ ಹತ್ತಿರ ಬಂದಾಗ ಬಾಯಿ ಬಿಟ್ಟರು.

"ಆ ಮೈದುನನ್ನ ನಾವು ಕೇಳ್ಲಿಲ್ಲ ಕಣಮ್ಮ. ಅವನ್ನೂ ಒಂದ್ ಮಾತು ಕರ್ದು ಕೇಳ್ಬೇಕಿತ್ತು."

ನನಗೆ ಟೆಂಪೋದಿಂದ ಧುಮುಕೋಣ ಅನ್ನಿಸಿತು. ಇಷ್ಟು ಜನರನ್ನು ಕೇಳಿದ್ದಕ್ಕೆ ಹೀಗಾಯಿತು ಎಂದು ನಾನು ಅಂದುಕೊಂಡಿದ್ದರೆ, ಒಬ್ಬನನ್ನು ಕೇಳದೇ ಇದ್ದದ್ದಕ್ಕೆ ಹೀಗಾಯಿತು ಎಂದು ಅವರು ಅಂದುಕೊಂಡಿದ್ದರು. ಅದರಲ್ಲಿ ಅರ್ಧ ಸತ್ಯ ಇರುವುದೇ ನನ್ನನ್ನು ಇನ್ನೂ ಉರಿಸಿತು. ಮೈದುನನನ್ನು ಕರೆದು ಕೇಳಿದ್ದರೆ ಅವನು ಹಸುವಿನ ವಿಷಯ ಹೇಳುತ್ತಿದ್ದ, ನಮಗೆ ಗೊತ್ತಾಗುತ್ತಿತ್ತು. ಗೊತ್ತಾಗಿ ಯಜಮಾನರು ಏನು ಮಾಡುತ್ತಿದ್ದರು? ಅವನ ಎಲೆಯನ್ನೂ ತೆಗೆದುಕೊಳ್ಳುತ್ತಿದ್ದರು. ಕೇಳುವುದು ಬೇರೆ, ತೂಗುವುದು ಬೇರೆ ಅಲ್ಲವೇ... ಅವರ ವರ್ಕ್‌ಶಾಪಿನಲ್ಲಿ ಎಲ್ಲ ಅಳತೆಯ ಸ್ಪ್ಯಾನರೂ ಇತ್ತು, ತಕ್ಕಡಿ ಒಂದು ಇರಲಿಲ್ಲ.

ಕುಡುಮಲಕುಂಟೆಯಲ್ಲಿ ಕೆಲಸ ಸಿಕ್ಕಿತು, ಬಿಟ್ಟು ಬಂದೆ. ಹೋಗುತ್ತೇನೆ ಎಂದಾಗ ಅವರು ಬೇಡ ಎನ್ನಲಿಲ್ಲ. ಅದನ್ನೂ ಅವರು ಯಾರಿಗೂ ಅನ್ನುವವರಲ್ಲವಲ್ಲ. ಆದರೆ ಫೋನ್ ಮಾಡುವುದನ್ನು ಬಿಡಲಿಲ್ಲ. ಹೊಸ ಮಿಷನ್ನು ಶುರುಮಾಡಿದಾಗೆಲ್ಲ, ಊಟದ ಹೊತ್ತಿಗೆ ಸರಿಯಾಗಿ ಫೋನು. ಹಿಂಗೊಂದು ಮಾಡ್ತಾ ಇದ್ದೀನಿ, ನೀನೇನಂತೀಯಮ್ಮ? ನಾನು ರೇಗಿಕೊಂಡೇ ಹೇಳುತ್ತಿದ್ದೆ, ಅದು ಬೇಡ, ಇದು ತೆಗೆಯಿರಿ, ಅಷ್ಟು ಜನರನ್ನು ಕೇಳಬೇಡಿ ಎಂದು. ಆಗಲಿ ಆಗಲಿ ಎನ್ನುತ್ತಿದ್ದರು. ನನ್ನ ಮಾತನ್ನೂ ಉಳಿದವರ ಎಲೆಗಳ ಜೊತೆ ಲೇತಿನ ಮೇಲೆ ಇಡುತ್ತಿದ್ದರು ಅಂತ ಕಾಣುತ್ತದೆ.

ಅವರು ತೀರಿಕೊಂಡ ದಿನ ಶಿಡ್ಲಘಟ್ಟಕ್ಕೆ ಹೋದೆ. ಜನವೋ ಜನ. ಆ ರಸ್ತೆಯಲ್ಲಿ ಅಂಥ ಗುಂಪನ್ನು ನಾನು ನೋಡಿರಲಿಲ್ಲ. ಎತ್ತುವುದು ಯಾವಾಗ, ಯಾವ ದಾರಿಯಲ್ಲಿ, ವರ್ಕ್‌ಶಾಪಿನ ಮುಂದೆ ನಿಲ್ಲಿಸಬೇಕೋ ಬೇಡವೋ, ಒಬ್ಬೊಬ್ಬರದು ಒಂದೊಂದು ಸಲಹೆ. ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಸಲಹೆ. ಎಲ್ಲದಕ್ಕೂ ಆಗಲಿ ಎನ್ನುವವರು ಮಾತ್ರ ಮಲಗಿದ್ದರು. ನನಗೆ ನಗು ಬಂತು, ನಗುತ್ತಲೇ ಅಳು ಬಂತು, ಪಕ್ಕದಲ್ಲಿದ್ದ ಪೆರೇಸಂದ್ರದ ಡೀಲರು ನನಗೆ ಏನೋ ಆಯಿತೆಂದು ನೀರು ತರಿಸಿದರು. ವರ್ಕ್‌ಶಾಪು ಈಗ ಇಲ್ಲ. ಆ ಜಾಗದಲ್ಲಿ ಕಾರು ತೊಳೆಯುತ್ತಾರೆ.

ಈ ವರ್ಷ ಫ್ಯಾಕ್ಟರಿಯಲ್ಲಿ ಮುಂದಿನ ಮಿಷನ್ನುಗಳನ್ನು ತೀರ್ಮಾನಿಸುವ ಜವಾಬ್ದಾರಿ ನನಗೆ ಬಂತು. ಮೊದಲು ತೆಗೆದದ್ದು ಆ ಹಳೇ ನಕ್ಷೆಯನ್ನೇ. ಮಾರಾಟದವರು ಬಂದರು, ಸರ್ವೀಸಿನವರು ಬಂದರು, ಡೀಲರುಗಳು ಬಂದರು. ಎಲ್ಲರ ಮಾತನ್ನೂ ಕೇಳಿದೆ, ಎಲ್ಲರಿಗೂ ಆಗಲ್ಲ ಎಂದೆ. ಬಾಯಿ ತುಂಬಾ ಹೇಳಿದೆ, ಯಜಮಾನರ ಪಾಲಿನ ಆಗಲ್ಲಗಳನ್ನೂ ಸೇರಿಸಿ ಹೇಳಿದೆ. ಅವರೆಲ್ಲ ಮುಖ ಸಣ್ಣ ಮಾಡಿಕೊಂಡು ಎದ್ದು ಹೋದರು. ಯಜಮಾನರ ವರ್ಕ್‌ಶಾಪಿನಿಂದ ಅಂಥ ಮುಖ ಹೊತ್ತು ಯಾರೂ ಹೋಗಿರಲಿಲ್ಲ ಎನ್ನುವುದು ಆಗ ನೆನಪಾಯಿತು, ನೆನಪಾಗಬಾರದಿತ್ತು. ಇರಲಿ. ಮಿಷನ್ನು ಆಯಿತು. ಪುಟ್ಟದು, ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುವಂಥದ್ದು, ಸೊಪ್ಪು ಬಿಟ್ಟು ಬೇರೇನನ್ನೂ ಕತ್ತರಿಸದಂಥದ್ದು. ಮೊದಲನೆಯದನ್ನು ಮೊನ್ನೆ ನಾನೇ ಜಂಗಮಕೋಟೆಗೆ ತೆಗೆದುಕೊಂಡು ಹೋದೆ.

ಅಕ್ಕನ ಕೂದಲು ಬೆಳ್ಳಗಾಗಿದೆ. ಸೊಪ್ಪಿನ ಕೋಣೆಯಲ್ಲಿ ಅದನ್ನು ಕೂರಿಸಿ, ಬೋಲ್ಟ್ ಬಿಗಿದು, ಒಂದು ಹಿಡಿ ಎಳೆ ಸೊಪ್ಪು ಹಾಕಿದೆವು. ಒಂದೇ ಅಳತೆಗೆ ಸಣ್ಣಗೆ ಬಿತ್ತು. ಅಕ್ಕ ಅಂಗೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಮೂಸಿದರು. ಅವತ್ತು ಕೊಟ್ಟ ಎಲೆಗೆ ಇವತ್ತು ಬಂತು ಎಂದಷ್ಟೇ ಅಂದರು.

ಹೊರಡುವಾಗ ಕೂರಿಸಿ ಅರಿಶಿನ ಕುಂಕುಮ ಕೊಟ್ಟರು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದು ನನ್ನ ಕೈಗೆ ಕೊಡುತ್ತಾ ಹೇಳಿದರು.

"ಎಲ್ಲಾ ಚೆನ್ನಾಗೈತೆ ಕಣಮ್ಮ. ಅದ್ರ ಕೆಳಗೆ ಗುಡ್ಸೋಕೆ ಮಾತ್ರ ಆಗಲ್ಲ. ಎರಡು ಚಕ್ರ ಇದ್ದಿದ್ರೆ ಪಕ್ಕಕ್ಕೆ ತಳ್ಕೊಂಡು ಗುಡಿಸ್ಬೋದಿತ್ತು."

ಫ್ಯಾಕ್ಟರಿಯಲ್ಲಿ ಅಷ್ಟು ಜನಕ್ಕೆ ಆಗಲ್ಲ ಎಂದವಳು ನಾನು. ಅರಿಶಿನ ಕುಂಕುಮದ ಜೊತೆ ಬಂದ ಎಲೆಯನ್ನು ಬೇಡ ಎನ್ನುವುದು ಹೇಗೆ? ತೆಗೆದುಕೊಂಡೆ. ಕಣ್ಣಿಗೂ ಒತ್ತಿಕೊಂಡೆ, ಕೈ ತಾನಾಗಿ ಹೋಯಿತು.

ಅಂದಿನಿಂದ ಇವು ಇಲ್ಲಿವೆ. ಒಂದರ ಅಂಚು ಕಂದು ತಿರುಗಿದೆ. ಚಕ್ರ ಹಾಕಬಾರದು, ಹಾಕಿದರೆ ಮತ್ತೆ ಯಾರೋ ತಳ್ಳಿಕೊಂಡು ಹೋಗುತ್ತಾರೆ. ಹಾಕದಿದ್ದರೆ ಕೆಳಗೆ ಕಸ ಕೂತು ಹುಳಕ್ಕೆ ರೋಗ ಬರುತ್ತದೆ, ಅಕ್ಕ ಹೇಳುವುದೂ ಸರಿ. ಮೂರು ದಿನದಿಂದ ಪೆನ್ಸಿಲ್ ಹಿಡಿದು ಕೂತಿದ್ದೇನೆ. ಊಟದ ಹೊತ್ತಾದರೆ ಕಣ್ಣು ಫೋನಿನ ಕಡೆ ಹೋಗುತ್ತದೆ. ನೋಡಿ ನಿಮ್ಮ ಜಂಗಮಕೋಟೆ ಅಕ್ಕನ ಕೆಲಸ, ಅವರೇ ಈಗ ಚಕ್ರ ಕೇಳುತ್ತಿದ್ದಾರೆ ಎಂದು ಯಜಮಾನರ ಮೇಲೆ ಒಂದು ಸಲ ಚೆನ್ನಾಗಿ ರೇಗಬೇಕು. ಆಮೇಲೆ ಕೇಳಬೇಕು, ನೀವೇನಂತೀರಿ?